ರೊಟ್ಟಿ ಆರಿದ್ವು

ಕಾಯ್ದ ಅರಗಿನ ವಾಸನೆ ಬಂದರೆ ನನಗೆ ಇಂದಿಗೂ ಹಸಿವಾಗುತ್ತದೆ. ಧಾರವಾಡದಲ್ಲಿ ಬಿ.ಎ. ಓದುವಾಗ ಹಾಸ್ಟೆಲ್ಲಿನ ಗೆಳತಿಯರಿಗೆ ಇದನ್ನು ಹೇಳಿ ನಗೆಗೀಡಾಗಿದ್ದೆ. ಆದರೆ ಅವರು ಯಾರೂ ಕಲಘಟಗಿಯ ನಮ್ಮ ಓಣಿಯಲ್ಲಿ ಬೆಳೆದವರಲ್ಲ. ನಮ್ಮ ಮನೆಯ ಎದುರಿಗೇ ಹನಮಂತಪ್ಪ ಚಿತ್ರಗಾರರು ತೊಟ್ಟಿಲು ಮಾಡುವ ಛಪ್ಪರವಿತ್ತು. ತಿರುಗಣಿಯಲ್ಲಿ ಗರಗರ ತಿರುಗುವ ತೊಟ್ಟಿಲ ಕಾಲಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ ಅದು ಕಾಯ್ದು, ಕರಗಿ, ಕಟ್ಟಿಗೆಗೆ ಅಂಟಿಕೊಳ್ಳುತ್ತಿತ್ತು. ಮೇಲೆ ಕೇದಗಿ ಎಲೆಯಿಂದ ತಿಕ್ಕಿದರೆ ಮುಖ ಕಾಣುವಷ್ಟು ಹೊಳಪು. ಅದೇ ಹೊತ್ತಿಗೆ ಛಪ್ಪರದ ಹಿಂದಿನ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದರು. ಅರಗು, ಕೇದಗಿ, ಹಂಚಿನ ಮೇಲೆ ಉಬ್ಬುವ ರೊಟ್ಟಿ, ಮೂರೂ ಕೂಡಿ ಒಂದೇ ವಾಸನೆಯಾಗಿ ನಮ್ಮ ಪಡಸಾಲೆಗೆ ಬರುತ್ತಿತ್ತು. ಅದನ್ನು ಬಿಡಿಸಿ ನೋಡಲು ನನ್ನ ಮೂಗಿಗೆ ಈಗಲೂ ಬಾರದು.

ಆ ಹಿಂದಿನ ಮನೆ ರಾಜಮಾಬಿಯದು. ಅವಳೂ ನಾನೂ ಒಂದೇ ವಾರಿಗೆಯವರು. ಅವಳು ಏಳನೆಯ ಇಯತ್ತೆಗೆ ಶಾಲೆ ಬಿಟ್ಟಳು, ನಾನು ಧಾರವಾಡಕ್ಕೆ ಹೋದೆ, ಓದು ಮುಗಿಸಿ ಊರಿನ ಗ್ರಂಥಾಲಯಕ್ಕೇ ನೌಕರಿಗೆ ಬಂದೆ. ಅಷ್ಟರಲ್ಲಿ ಶಲವಡಿಯಿಂದ ಬಡಿಗತನ ಕಲಿಯಲು ಬಂದ ಅಬ್ದುಲ್‌ಸಾಬ ಹನಮಂತಪ್ಪನವರ ಛಪ್ಪರದಲ್ಲಿ ಕೆಲಸಕ್ಕೆ ನಿಂತು, ಹಿಂದಿನ ಮನೆಯ ಅಳಿಯನೂ ಆಗಿಬಿಟ್ಟಿದ್ದ. ರಾಜಮಾಬಿ ಮದುವೆಯಾಗಿಯೂ ಎಲ್ಲಿಗೂ ಹೋಗಲಿಲ್ಲ. ನನಗೆ ಅದಕ್ಕಿಂತ ಬೇರೆ ಏನೂ ಬೇಕಾಗಿರಲಿಲ್ಲ.

ರಜೆಯ ದಿನ ಅವಳ ಒಲೆಯ ಮುಂದೆ ಮಣೆ ಹಾಕಿಕೊಂಡು ಗ್ರಂಥಾಲಯದ ಪತ್ತೇದಾರಿ ಕಾದಂಬರಿ ಓದಿ ಹೇಳುತ್ತಿದ್ದೆ. ಅವಳು ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ಅರ್ಧ ಪುಸ್ತಕ ಆಗುವುದರೊಳಗೇ ತೀರ್ಪು ಕೊಡುತ್ತಿದ್ದಳು.

"ಆ ಡಾಕ್ಟರಽ ಕೊಂದಾನ ನೋಡ ಗಂಗಾ."

"ಹೆಂಗ ಹೇಳ್ತೀ?"

"ಭಾಳ ಸಂಭಾವಿತ ಅದಾನ. ಒಬ್ಬರ ಮ್ಯಾಲೂ ಸಿಟ್ಟಿಗಿ ಏಳೂದಿಲ್ಲ. ಅಂಥಾ ಗಂಡಸು ಇರತಾನೇನ?"

ಹತ್ತರಲ್ಲಿ ಎಂಟು ಸಲ ಅವಳು ಹೇಳಿದ್ದೇ ನಿಜವಾಗುತ್ತಿತ್ತು.

ಅಡುಗೆ ಮುಗಿದ ಮೇಲೆ ಅವಳು ಹಿತ್ತಿಲ ಬಾಗಿಲಿಗೆ ಬಂದು ಛಪ್ಪರದ ಕಡೆ ಮುಖ ಮಾಡಿ ಕೂಗುತ್ತಿದ್ದಳು. ಅವರ ಮನೆಯಲ್ಲಿ ತಮ್ಮ ತಮ್ಮಲ್ಲಿ ಉರ್ದು ಮಾತಾಡಿಕೊಳ್ಳುತ್ತಿದ್ದರು. ಆದರೆ ಊಟದ ಕೂಗು ಮಾತ್ರ ಕನ್ನಡದಲ್ಲಿ. ಛಪ್ಪರದಲ್ಲಿ ಹನಮಂತಪ್ಪನವರೂ ಇರುತ್ತಿದ್ದರು, ಗಂಡನನ್ನು ಮಾತ್ರ ಕರೆದಂತೆ ಆಗಬಾರದಲ್ಲ. ಅದಕ್ಕೆ ಅಬ್ದುಲ್‌ಸಾಬನ ಉತ್ತರ ಯಾವಾಗಲೂ ಒಂದೇ. "ಆಯಾ ಬೇ, ಆಯಾ." ಅರ್ಧ ಉರ್ದು, ಅರ್ಧ ನಮ್ಮ ಸೀಮೆಯ ಕನ್ನಡ. ಹೆಂಡತಿಗೆ ಮಾತ್ರ ಹೀಗೆ. ಬೇರೆ ಯಾರು ಕರೆದರೂ "ಬಂದ್ನಿ" ಅನ್ನುತ್ತಿದ್ದ. ಬಂದೆ ಬಂದೆ ಎನ್ನುತ್ತಲೇ ಕೈಯಲ್ಲಿದ್ದ ತೊಟ್ಟಿಲ ಕಾಲು ಮುಗಿಯುವವರೆಗೆ ಏಳುತ್ತಿರಲಿಲ್ಲ.

"ನಿಮ್ಮ ಆಯಾದಾಗ ನನ್ನ ರೊಟ್ಟಿ ಹಪ್ಪಳ ಆದ್ವು!" ಎಂದು ಅವಳು ಮತ್ತೊಮ್ಮೆ ಕೂಗುತ್ತಿದ್ದಳು. ಛಪ್ಪರದಲ್ಲಿ ಎಲ್ಲರೂ ನಗುತ್ತಿದ್ದರು. ಅವನು ಮಾತ್ರ ತಲೆ ಎತ್ತುತ್ತಿರಲಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ, ಊರಿಗೆ ಟಿವಿ ಬಂದು ಇನ್ನೂ ಹೊಸತಿದ್ದಾಗ, 'ಪತ್ತೇದಾರ ಕೋನೇರಿ' ಎಂಬ ಧಾರಾವಾಹಿ ಬರುತ್ತಿತ್ತು. ಕಂದು ಕೋಟು ತೊಟ್ಟ ಕೋನೇರಿ ಪ್ರತಿ ಸುಳಿವು ಸಿಕ್ಕಾಗಲೂ ಕರವಸ್ತ್ರಕ್ಕೊಂದು ಗಂಟು ಹಾಕುತ್ತಿದ್ದ. ಗಂಟೆಲ್ಲ ಬಿಚ್ಚಿದ ದಿನ ಕಳ್ಳ ಸಿಕ್ಕ ಎಂದೇ ಲೆಕ್ಕ. ಊರಿನ ಮಕ್ಕಳ ಕರವಸ್ತ್ರಗಳೆಲ್ಲ ಗಂಟುಗಂಟಾಗಿ ತಾಯಂದಿರು ಬೈಯುತ್ತಿದ್ದರು. ಆ ಧಾರಾವಾಹಿಯ ಒಂದು ಕಂತಿನಲ್ಲಿ ನಾಮಕರಣದ ಹಿಂದಿನ ದಿನ ವಾಡೆಯೊಂದರಿಂದ ಹಳೆಯ ತೊಟ್ಟಿಲು ಕಳುವಾಗುತ್ತದೆ. ಅದರ ಚಿತ್ರೀಕರಣಕ್ಕೆಂದು ಅವರು ಕಲಘಟಗಿಗೆ ಬಂದರು, ಹನಮಂತಪ್ಪನವರ ಛಪ್ಪರಕ್ಕೇ ಬಂದರು.

ಒಂದು ಜೋಗುಳ ಬೇಕಾಗಿತ್ತು. ಯಾರೋ ರಾಜಮಾಬಿಯ ಹೆಸರು ಹೇಳಿದರು. ಆಗ ರೂಬಿನಾ ಹುಟ್ಟಿ ಕೆಲವೇ ತಿಂಗಳು, ಜೋಗುಳ ಅವಳ ನಾಲಗೆಯ ಮೇಲೇ ಇತ್ತು. ಬಾಗಿಲ ಹಿಂದೆ ನಿಂತು, ಮುಖ ತೋರಿಸದೆ, ಮಗುವನ್ನು ಹೆಗಲಿಗೆ ಹಾಕಿಕೊಂಡು ಹಾಡಿದಳು. ಅವರು ಧ್ವನಿಯನ್ನು ಹಿಡಿದುಕೊಂಡರು.

ಇನ್ನೊಂದು ಸಂಗತಿಯೂ ಅದೇ ದಿನ ನಡೆಯಿತು. ಛಪ್ಪರದಲ್ಲಿ ಕೋನೇರಿ ವಿಚಾರಣೆ ನಡೆಸುವ ದೃಶ್ಯ. ಐದು ಜನ ಕೆಲಸಗಾರರು, ಅವರಲ್ಲಿ ಅಬ್ದುಲ್‌ಸಾಬ ಕ್ಯಾಮರಾಕ್ಕೆ ಬೆನ್ನು ಮಾಡಿ ತನ್ನ ಕೆಲಸ ತಾನು ಮಾಡುತ್ತಿದ್ದಾನೆ. ಛಪ್ಪರದಲ್ಲಿ ಮತ್ತೆ ಕ್ಯಾಮರಾ ಓಡುತ್ತಿರುವುದು ಹಿಂದಿನ ಮನೆಯಲ್ಲಿದ್ದ ರಾಜಮಾಬಿಗೆ ಗೊತ್ತಿಲ್ಲ. ಹೊತ್ತಾಯಿತೆಂದು ಹಿತ್ತಿಲ ಬಾಗಿಲಿಗೆ ಬಂದು ಎಂದಿನಂತೆ ಕೂಗಿಬಿಟ್ಟಳು.

"ರೊಟ್ಟಿ ಆರಿದ್ವು, ಬರ್ರಿ!"

ನಿರ್ದೇಶಕರು ಸಿಟ್ಟಾಗುತ್ತಾರೆಂದು ನಾನು ಅಂಜಿದೆ. ಅವರು ಪಕ್ಕದಲ್ಲಿದ್ದ ಸಹಾಯಕನನ್ನು, "ಏನಂದ್ರು ಆಕೆ?" ಎಂದು ಕೇಳಿದರು.

ಅವನು ಬೆಂಗಳೂರಿನ ಕಡೆಯ ಹುಡುಗ. "ರೊಟ್ಟಿ ಆರು ಇದ್ದವು ಅಂತ ಸಾರ್. ಆರು ರೊಟ್ಟಿ."

ನಿರ್ದೇಶಕರ ಮುಖ ಅರಳಿತು. "ಐದು ಜನ, ಆರು ರೊಟ್ಟಿ! ಹಾಗಿದ್ದರೆ ಆರನೆಯ ರೊಟ್ಟಿ ಯಾರಿಗೆ?" ಎಂದು ಅಲ್ಲೇ ಕುಳಿತು ಕಥೆಯನ್ನು ತಿದ್ದತೊಡಗಿದರು.

ರೊಟ್ಟಿ ತಣ್ಣಗಾದವು ಎಂದು ಅವಳು ಹೇಳಿದ್ದು. ನಮ್ಮ ಬಾಯಲ್ಲಿ ಅದೂ 'ಆರಿದ್ವು', ಇದೂ 'ಆರಿದ್ವು'. ನಾನು ಆ ಸಹಾಯಕನನ್ನು ಬದಿಗೆ ಕರೆದು ಹೇಳಿದೆ. ಅವನು ನಕ್ಕು, ನನಗೊಂದು ಕುರ್ಚಿ ತಂದು ನೆರಳಿಗೆ ಹಾಕಿಕೊಟ್ಟು, "ಮೇಡಂ, ಈಗ ಅವರಿಗೆ ಹೇಳಿದ್ರೆ ನನ್ನ ಕೆಲಸ ಹೋಗುತ್ತೆ. ಪರವಾಗಿಲ್ಲ ಬಿಡಿ, ಬೆಂಗಳೂರಲ್ಲಿ ಯಾರಾದ್ರೂ ಆರ್ಟಿಸ್ಟ್ ಕೈಲಿ ನೀಟಾಗಿ ಹೇಳಿಸ್ತೀವಿ" ಎಂದ.

ಆ ಕಂತು ಬಂದ ಸಂಜೆ ಹನಮಂತಪ್ಪನವರ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಜೋಗುಳ ಬಂದಾಗ ಎಲ್ಲರೂ ಸುಮ್ಮನಾಗಿ ಕೇಳಿದರು. ರಾಜಮಾಬಿ ನನ್ನ ಬೆನ್ನಿನ ಹಿಂದೆ ಮುಖ ಮುಚ್ಚಿಕೊಂಡು ಕುಳಿತಿದ್ದಳು. ಛಪ್ಪರ ಕಂಡೊಡನೆ ಸೀಟಿ, ಕೂಗು. ತಮ್ಮ ತಮ್ಮ ಮುಖ ಹುಡುಕುವ ಗದ್ದಲದಲ್ಲಿ ಟಿವಿಯಿಂದ ಏನು ಕೇಳಿಸಿತೋ ಯಾರಿಗೂ ತಿಳಿಯಲಿಲ್ಲ. ಕೋನೇರಿ ಕರವಸ್ತ್ರಕ್ಕೆ ಗಂಟು ಹಾಕಿ, "ಆರು ರೊಟ್ಟಿ! ಇಲ್ಲಿರುವವರು ಐದೇ ಜನ!" ಎಂದದ್ದು ಮಾತ್ರ ಕೇಳಿಸಿತು. ಅಷ್ಟಕ್ಕೇ ಪಡಸಾಲೆಗೆ ಪಡಸಾಲೆಯೇ ಬಿದ್ದು ಬಿದ್ದು ನಕ್ಕಿತು.

"ಒಬ್ಬಂವಗ ಒಂದಽ ರೊಟ್ಟಿ ಅಂತ! ಧಾರವಾಡ ಸೀಮಿ ಊಟ ನೋಡಿಲ್ಲೇನ ಈ ಕೋನೇರಿ?" ಎಂದು ಹನಮಂತಪ್ಪನವರು ಕಣ್ಣೊರೆಸಿಕೊಂಡರು. "ಆರ ರೊಟ್ಟಿ ನಮ್ಮ ಅಬ್ದುಲ್ಲಾ ಒಬ್ಬಂವಽ ಮುರೀತಾನ. ಹಂಗಾರ ಕಳ್ಳ ಇಂವಽ!"

ಬಹಳ ವರ್ಷ ಊರಿನಲ್ಲಿ ಆ ಮಾತು ಉಳಿಯಿತು. ಪಂಕ್ತಿಯಲ್ಲಿ ಒಬ್ಬರು ಹೆಚ್ಚು ಬಂದರೆ "ಆರನೇ ರೊಟ್ಟಿ ಬಂತ್ರೋ" ಎನ್ನುತ್ತಿದ್ದರು. ಆ ನಗೆಯಲ್ಲಿ ಕೂಗಿದ್ದು ಯಾರೆಂಬುದೇ ಮರೆತುಹೋಯಿತು. ನಾನಂತೂ ಅದನ್ನು ಬೆಂಗಳೂರಿನ ಯಾವಳೋ ನಟಿ ಹೇಳಿರಬೇಕೆಂದೇ ತಿಳಿದಿದ್ದೆ.

ರೂಬಿನಾಳಿಗೆ ಮೂರು ತುಂಬುವ ಮೊದಲೇ ರಾಜಮಾಬಿ ಕಾಮಾಲೆಯಾಗಿ ತೀರಿಕೊಂಡಳು.

ರೂಬಿನಾಳನ್ನು ಅವಳ ಅಜ್ಜಿ ಬೆಳೆಸಿದಳು. ಅಬ್ದುಲ್‌ಸಾಬ ಮತ್ತೆ ಮದುವೆಯಾಗಲಿಲ್ಲ. ರಾಜಮಾಬಿಯ ಫೋಟೊ ಒಂದಿತ್ತು, ಸೆರಗು ಅರ್ಧ ಮುಖ ಮುಚ್ಚಿದ್ದು. ಹುಡುಗಿ ಬೆಳೆದಂತೆ ಆ ಫೋಟೊ ನೋಡುವುದನ್ನು ಬಿಟ್ಟು ನನ್ನನ್ನು ಬೇರೆಯೇ ಪ್ರಶ್ನೆ ಕೇಳತೊಡಗಿದಳು.

"ಮೌಶಿ, ನಮ್ಮ ಅಮ್ಮಾನ ಧ್ವನಿ ಹೆಂಗಿತ್ರಿ?"

ಅಪ್ಪನನ್ನು ಕೇಳಿದರೆ, "ಹೆಂಗಸರ ಧ್ವನಿ ಹೆಂಗಿರತೈತಿ? ಹಂಗಽ ಇತ್ತು" ಎಂದು ಅರಗಿನ ಕಡ್ಡಿ ಎತ್ತಿಕೊಳ್ಳುತ್ತಿದ್ದ. ನಾನು ಓದಿದವಳು, ಹೇಳಬಲ್ಲೆ ಎಂದು ಅವಳ ನಂಬಿಕೆ. ಸ್ವಲ್ಪ ಒಡೆದ ಧ್ವನಿ, ಎಂದೆ. ಕೊನೆಗೆ ಮೇಲಕ್ಕೆ ಏರುತ್ತಿತ್ತು, ಎಂದೆ. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಒಮ್ಮೆ ಕಣ್ಣು ತೆರೆದು, "ನೀವು ಹೇಳಿದ್ದು ತಿಳೀತೈತ್ರಿ. ಕೇಳಸಂಗಿಲ್ರಿ" ಎಂದಳು.

ನನಗೂ ಅದೇ ಆಗಿತ್ತು, ಅವಳಿಗೆ ಹೇಳಲಿಲ್ಲ ಅಷ್ಟೇ. ಕಣ್ಣು ಮುಚ್ಚಿದರೆ ರಾಜಮಾಬಿಯ ಮುಖ ಬರುತ್ತಿತ್ತು, ಹಿಟ್ಟು ಮೆತ್ತಿದ ಬೆರಳು ಬರುತ್ತಿದ್ದವು, ಅವಳ ಮಾತುಗಳೂ ಒಂದೂ ತಪ್ಪದೆ ಬರುತ್ತಿದ್ದವು. ಆದರೆ ಆ ಮಾತುಗಳು ನನ್ನ ಧ್ವನಿಯಲ್ಲಿ ಬರುತ್ತಿದ್ದವು. ಯಾವ ವರ್ಷದಿಂದ ಹೀಗಾಯಿತೋ ಗೊತ್ತಿಲ್ಲ.

ಹೋದ ಚಳಿಗಾಲದಲ್ಲಿ ಪತ್ರಿಕೆಯ ಒಳಪುಟದಲ್ಲಿ ಸಣ್ಣ ಸುದ್ದಿ ನೋಡಿದೆ. 'ಪತ್ತೇದಾರ ಕೋನೇರಿ'ಯ ಎಲ್ಲ ಕಂತುಗಳನ್ನೂ ಸ್ವಚ್ಛಗೊಳಿಸಿ, ಮನೆಯಲ್ಲಿ ಕುಳಿತು ನೋಡುವಂತೆ ಡಿವಿಡಿಗಳ ಪೆಟ್ಟಿಗೆಯಾಗಿ ಹೊರತಂದಿದ್ದಾರೆ, ಹುಬ್ಬಳ್ಳಿಯಲ್ಲೂ ಸಿಗುತ್ತದೆ. ಓದಿ ಮುಗಿಸಿ ಕನ್ನಡಕ ತೆಗೆದೆ. ಜೋಗುಳ! ಆ ಜೋಗುಳ ಎಲ್ಲೋ ಒಂದು ಕಡೆ ಉಳಿದಿದೆ.

ರೂಬಿನಾಳಿಗೆ ಹೇಳಿದಾಗ ಅವಳು ಬಟ್ಟೆ ಒಣಹಾಕುತ್ತಿದ್ದಳು. ಈಗ ಅವಳಿಗೂ ನಲವತ್ತರ ಹತ್ತಿರ. ಕೈಯಲ್ಲಿನ ಬಟ್ಟೆಯನ್ನು ಹಾಗೆಯೇ ಹಿಡಿದು ನಿಂತಳು.

"ಖರೇನಽ ಅಮ್ಮಾನ ಧ್ವನಿ ಇರತೈತೇನ್ರಿ?"

"ಇರಬೇಕವಾ. ನಾ ಕೇಳೇನಿ, ಆವತ್ತ ಟಿವಿಯೊಳಗ ಬಂದಿತ್ತು."

"ನಾನೂ ಅಲ್ಲೇ ಇದ್ನೇನ್ರಿ?"

"ಆಕೀ ಹೆಗಲ ಮ್ಯಾಲ ಇದ್ದಿ. ಅರ್ಧ ಹಾಡಿಗೆ ಮಲಗಿಬಿಟ್ಟಿ."

ನಕ್ಕಳು. ಆಮೇಲೆ ಒದ್ದೆ ಬಟ್ಟೆಯಲ್ಲೇ ಮುಖ ಒರೆಸಿಕೊಂಡಳು.

ಹುಬ್ಬಳ್ಳಿಗೆ ನಾನೊಬ್ಬಳೇ ಹೋಗಿ ಬಂದೆ. ಅಂಗಡಿಯವನು ಪೆಟ್ಟಿಗೆಯನ್ನು ಕೊಡುವ ಮೊದಲು, "ಅಜ್ಜಾರ, ಯಾವ ಕಂತು ಬೇಕಾಗಿತ್ತ್ರಿ?" ಎಂದು ಕೇಳಿ, ಹಿಂದಿನ ಸಣ್ಣ ಅಕ್ಷರಗಳನ್ನು ತಾನೇ ಓದಿ, 'ತೊಟ್ಟಿಲು' ಎಂಬ ಹೆಸರಿನ ಮೇಲೆ ಉಗುರಿಟ್ಟು ತೋರಿಸಿದ. ಅಜ್ಜಿಯನ್ನು 'ಅಜ್ಜಾರ' ಎನ್ನುವಷ್ಟು ಗಡಿಬಿಡಿಯಲ್ಲೂ ಅಷ್ಟು ತಾಳ್ಮೆ. ಬಸ್ಸಿನಲ್ಲಿ ದೇವಿಕೊಪ್ಪಕ್ಕೆ ಹೋಗುವ ಹೆಣ್ಣುಮಗಳೊಬ್ಬಳು ತನ್ನ ಕಿಟಕಿಯ ಸೀಟು ಬಿಟ್ಟುಕೊಟ್ಟಳು. ಬೆಳಕಿದ್ದುದರಿಂದ ಪೆಟ್ಟಿಗೆಯನ್ನು ತಿರುವಿ ತಿರುವಿ ಓದುತ್ತ ಬಂದೆ. ತಳದ ಅಂಚಿನಲ್ಲಿ ಒಂದು ಸಾಲಿತ್ತು: 'ಮೂಲ ಪ್ರಸಾರದ ಕೆಲವು ಹಾಡು ಹಾಗೂ ಸಂಗೀತವನ್ನು ಹಕ್ಕುಗಳ ಕಾರಣದಿಂದ ಬದಲಿಸಲಾಗಿದೆ.'

ಉಳಿದ ದಾರಿಯಲ್ಲಿ ಪೆಟ್ಟಿಗೆಯನ್ನು ತೆರೆಯದೆ ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಕೆಲವು ಎಂದರೆ ಎಲ್ಲವೂ ಅಲ್ಲವಲ್ಲ ಎಂದು ಹೇಳಿಕೊಂಡೆ.

ಡಿವಿಡಿ ಬಂದರೂ ಅದನ್ನು ಹಾಕುವ ಯಂತ್ರ ಊರಿನಲ್ಲಿ ಯಾರ ಬಳಿಯೂ ಇಲ್ಲ. ಎಲ್ಲರೂ ಈಗ ಕೈಯಲ್ಲಿನ ಫೋನಿನಲ್ಲೇ ನೋಡುವವರು. ರೂಬಿನಾಳ ಗಂಡ ಯುನೂಸ್ ಮೈಕ್‌ಸೆಟ್ ಬಾಡಿಗೆ ಕೊಡುತ್ತಾನೆ. ಅವನು ತನ್ನ ಅಟ್ಟವನ್ನೆಲ್ಲ ಜಾಲಾಡಿ, ಒಂದು ಕಾಲದಲ್ಲಿ ಮದುವೆಯ ಡಿವಿಡಿ ತೋರಿಸುತ್ತಿದ್ದ ಹಳೆಯ ಪ್ಲೇಯರೊಂದನ್ನು ಹುಡುಕಿ ತೆಗೆದ.

ರವಿವಾರ ಮುಂಜಾನೆ ಅವರ ಮನೆಗೆ, ರಾಜಮಾಬಿಯಿದ್ದ ಅದೇ ಹಿಂದಿನ ಮನೆಗೆ, ಹೋದಾಗ ಯುನೂಸ್ ಅದರ ಹೊಟ್ಟೆ ಬಿಚ್ಚಿಕೊಂಡು ಕುಳಿತಿದ್ದ. "ಬರ್ರಿ ಮೌಶಿ, ಇದರಾಗ ಒಂದ ಜೇಡರ ಹುಳಾ ಸಂಸಾರ ಹೂಡಿತ್ತು. ಖಾಲಿ ಮಾಡಿಸೇನಿ."

"ಟಿವಿ ಹಚ್ಚಲೇನ್ರಿ?" ಎಂದಳು ರೂಬಿನಾ.

"ಹಚ್ಚು. ಚಿತ್ರಾ ಬರತೈತಿ, ಧ್ವನಿ ಹೋಗೇತಿ. ಮೂರ ತಿಂಗಳಾತು ರಿಪೇರಿ ಮಾಡಸ್ರಿ ಅಂತ ಬಡಕೊಳ್ಳಾಕತ್ತಿ, ನಾ ಕೇಳಲಿಲ್ಲ. ಹೌದಿಲ್ಲೋ?"

"ಹೇಳಾಕಽ ಬ್ಯಾಡ್ರಿ. ಊರ ಮಂದಿಗೆಲ್ಲಾ ಧ್ವನಿ ಕೊಡ್ತೀರಿ, ಮನಿ ಟಿವಿ ಮೂಕ."

"ಅದಕಽ ಇವತ್ತ ದಂಡ ಕಟ್ಟತೇನಿ ನೋಡ" ಎಂದು ಅವನು ಮದುವೆಯ ಮೆರವಣಿಗೆಗೆ ಒಯ್ಯುವ ದೊಡ್ಡ ಸ್ಪೀಕರ್ ಡಬ್ಬಿಯನ್ನು ತಂದ. ಸಣ್ಣ ಖೋಲಿಯಲ್ಲಿ ಅದು ಹಿಡಿಯಲಿಲ್ಲ. ಹಿತ್ತಿಲ ಬಾಗಿಲ ಹೊಸ್ತಿಲಿನ ಮೇಲೆ ಅಡ್ಡಡ್ಡ ಇಟ್ಟು ತಂತಿ ಜೋಡಿಸಿದ. ಡಿಸ್ಕನ್ನು ಹಾಕುವ ಮೊದಲು, ನಮಾಜಿಗೆ ಹೋಗುವಾಗ ಇಟ್ಟುಕೊಳ್ಳುವ ಬಿಳಿಯ ಕರವಸ್ತ್ರ ತೆಗೆದು ಅದನ್ನು ಮೆಲ್ಲಗೆ ಒರೆಸಿದ. ಏನೂ ಧೂಳಿರಲಿಲ್ಲ, ಹೊಸದು ಅದು. ಆದರೂ ಒರೆಸಿದ.

ಹೊರಗೆ ಛಪ್ಪರದಲ್ಲಿ ಅಬ್ದುಲ್‌ಸಾಬ ಕೆಲಸ ಮಾಡುತ್ತಿದ್ದ. ಹನಮಂತಪ್ಪನವರು ಹೋದ ಮೇಲೆ ಛಪ್ಪರ ಅವನದೇ ಆಗಿತ್ತು. ತಿರುಗಣಿಗೆ ಮೋಟಾರು ಬಂದಿತ್ತು, ಅದರ ಸದ್ದಿಗೆ ಅವನ ಕಿವಿ ಮಂದವಾಗಿತ್ತು.

"ಅಬ್ಬಾ, ಬರ್ರಿ, ಅಮ್ಮಾನ ಹಾಡು ಬರತೈತಿ" ಎಂದು ರೂಬಿನಾ ಬಾಗಿಲಿಗೆ ಹೋಗಿ ಎರಡು ಸಲ ಕೂಗಿದಳು.

"ನಾ ಆವತ್ತಽ ಕೇಳೇನಿ" ಎಂದ, ತಲೆ ಎತ್ತದೆ. "ನೀವ ನೋಡ್ರಿ. ಇದ ಇವತ್ತ ಮುಗೀಬೇಕು."

ಅವಳು ತಿರುಗಿ ಬಂದು ನನ್ನ ಪಕ್ಕ ಕುಳಿತಳು. "ಹಿಂಗಽ ನೋಡ್ರಿ ಮೌಶಿ. ಅಮ್ಮಾನ ಹೆಸರ ತಗದ್ರ ಮೋಟಾರ್ ಚಾಲೂ. ರೊಟ್ಟಿ ಸೈತ ಬಿಸೀದು ಒಂದ ದಿನಾ ತಿಂದವರಲ್ಲ. ಕರದ್ರ ಬರೂದಿಲ್ಲ ಅಂತ ನಾ ಕರೆಯೂದಽ ಬಿಟ್ಟೇನಿ. ಮುಚ್ಚಿ ಇಟ್ಟಬಿಡ್ತೇನಿ."

ಕಂತು ಶುರುವಾಯಿತು. ಹಳೆಯ ಚಿತ್ರ ಎಷ್ಟು ಸ್ಪಷ್ಟವಾಗಿತ್ತೆಂದರೆ, ಆ ಕಾಲದಲ್ಲಿ ನಾವೇ ಅದನ್ನು ಅಷ್ಟು ಸ್ಪಷ್ಟವಾಗಿ ನೋಡಿರಲಿಲ್ಲ. ಕೋನೇರಿಯ ಕೋಟಿನ ಗುಂಡಿಗಳನ್ನು ಎಣಿಸಬಹುದಾಗಿತ್ತು. ನಮ್ಮ ಓಣಿ ಬಂತು, ಈಗಿಲ್ಲದ ಬೇವಿನ ಮರ ಬಂತು. ಮುಂದಿನದು ವಾಡೆಯ ಒಳಮನೆ, ಬಾಗಿಲ ಪರದೆ, ತೂಗುವ ತೊಟ್ಟಿಲು.

"ಈಗ" ಎಂದೆ. ರೂಬಿನಾ ನನ್ನ ಕೈ ಹಿಡಿದುಕೊಂಡಳು.

ಕೊಳಲು ಬಂತು.

ಇಂಪಾದ ಕೊಳಲೇ. ತೊಟ್ಟಿಲು ತೂಗಿತು, ಪರದೆ ಆಡಿತು, ಕೊಳಲು ನುಡಿಯುತ್ತಲೇ ಇತ್ತು. ಹಾಡಿದವಳ ಸಹಿ ಯಾವ ಕಾಗದದಲ್ಲೂ ಇರಲಿಲ್ಲವೋ ಏನೋ. ಯಾರ ಹಕ್ಕೆಂದು ತಿಳಿಯದೆ ತೆಗೆದುಹಾಕಿರಬೇಕು.

"ಹಾಡು ಯಾವಾಗ ಬರತೈತ್ರಿ?" ಎಂದು ರೂಬಿನಾ ಪಿಸುಗುಟ್ಟಿದಳು.

ನನಗೆ ಸುಳ್ಳು ಹೇಳಲಾಗಲಿಲ್ಲ. "ಇದಽ ಜಾಗಾವಾ. ತಗದಾರ."

ಅವಳು ನನ್ನ ಕೈಯನ್ನು ಇನ್ನೊಂದು ಕೈಯಿಂದ ಮೆಲ್ಲಗೆ ಸವರಿ, "ಇರ್ಲಿ ಬಿಡ್ರಿ ಮೌಶಿ. ನೀವಾರ ಹುಬ್ಬಳ್ಳಿತನಕ ಹೋಗಿ ಬಂದ್ರಿ. ಯಾರ ಮಾಡ್ತಾರ ಇಷ್ಟ?" ಎಂದಳು. ಸಮಾಧಾನ ಮಾಡಬೇಕಾದವಳು ನಾನು. "ಕೂಡ್ರಿ, ಉಂಡಽ ಹೋಗ್ಬೇಕು. ಹಿಟ್ಟು ಕಲಸೇ ಇಟ್ಟೇನಿ" ಎಂದು ಎದ್ದು ಒಳಗೆ ಹೋದಳು. ಪರಾತದಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು. ಎಂದಿಗಿಂತ ಜೋರಾಗಿಯೇ ಬಡಿಯುತ್ತಿದ್ದಳು.

ಯುನೂಸ್ ನಿಲ್ಲಿಸಲು ಕೈ ಚಾಚಿದ. "ಇರ್ಲೆಪಾ" ಎಂದೆ. ಏನೋ ಬರುತ್ತದೆಂದು ಅಲ್ಲ. ಛಪ್ಪರದ ದೃಶ್ಯ ಬಾಕಿಯಿತ್ತು, ಹನಮಂತಪ್ಪನವರನ್ನಾದರೂ ಒಮ್ಮೆ ನೋಡಿ ಎದ್ದೇನೆಂದುಕೊಂಡೆ.

ಅವರು ಬಂದರು, ಹೆಗಲ ಮೇಲೆ ಅದೇ ಟವೆಲು. ಕೋನೇರಿ ಏನೋ ಕೇಳಿದ, ಅವರು ಏನೋ ಹೇಳಿದರು. ಹಿಂದೆ ಬಿಳಿಯ ಬನಿಯನ್ನಿನ ಒಂದು ಬೆನ್ನು, ಎಳೆಯ ಬೆನ್ನು, ಬಾಗಿ ಕೆಲಸ ಮಾಡುತ್ತಿತ್ತು. "ನಮ್ಮ ಮಾವಾ ಅಲ್ರಿ?" ಎಂದು ಯುನೂಸ್ ಮುಂದೆ ಬಾಗಿದ. ಹೂಂ ಎನ್ನಲು ನಾನು ಬಾಯಿ ತೆರೆದೆ.

"ರೊಟ್ಟಿ ಆರಿದ್ವು, ಬರ್ರಿ!"

ಮೆರವಣಿಗೆಯ ಆ ಡಬ್ಬಿಯಿಂದ ಕೂಗು ಮನೆಯನ್ನೆಲ್ಲ ತುಂಬಿ ಹಿತ್ತಿಲಿಗೆ ಹೋಯಿತು. ಸ್ವಲ್ಪ ಒಡೆದ ಧ್ವನಿ. ಕೊನೆಗೆ ಮೇಲಕ್ಕೆ ಏರಿತು. ಆದರೆ ನಾನು ಹೇಳುತ್ತಿದ್ದಂತೆ ಇರಲಿಲ್ಲ, ಅದಕ್ಕಿಂತ ಎಳೆಯದು, ಅದಕ್ಕಿಂತ ಅವಸರದ್ದು. ಇದು ಅವಳೇ? ಬೆಂಗಳೂರಿನ ನಟಿಯೇ? ನನ್ನ ಎದೆ ಹೌದೆನ್ನುತ್ತಿತ್ತು, ಆದರೆ ನನ್ನ ಎದೆಯನ್ನು ನಾನು ನಂಬುವಂತಿರಲಿಲ್ಲ. ಇಷ್ಟು ವರ್ಷ ಅವಳ ಮಾತನ್ನು ನನ್ನ ಧ್ವನಿಯಲ್ಲಿ ಕೇಳಿದವಳು ನಾನು.

ಒಳಗೆ ರೊಟ್ಟಿಯ ಸಪ್ಪಳ ನಿಂತಿತ್ತು. ರೂಬಿನಾ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಿದ್ದಳು. "ಯಾರ್ರಿ ಅದು? ಮೌಶಿ, ಯಾರ್ರಿ?"

ಹೊರಗೆ ಮೋಟಾರು ನಿಂತಿತು.

"ಆಯಾ ಬೇ, ಆಯಾ."

ಅದು ಟಿವಿಯಿಂದ ಬಂದದ್ದಲ್ಲ. ಟಿವಿಯಲ್ಲಿ ಆ ಎಳೆಯ ಬೆನ್ನು ಇನ್ನೂ ಬಾಗಿಕೊಂಡೇ ಇತ್ತು. ಕೋನೇರಿ ಕರವಸ್ತ್ರಕ್ಕೆ ಗಂಟು ಹಾಕುತ್ತ "ಆರು ರೊಟ್ಟಿ!" ಎಂದ. ಆ ಮಾತಿಗೆ ನಗದವರು ನಮ್ಮೂರಿನಲ್ಲಿ ಇಲ್ಲ. ಆದರೆ ಇವತ್ತು ಯುನೂಸ್ ಕೂಡ ನಗಲಿಲ್ಲ. ಚಿತ್ರವನ್ನು ಅಲ್ಲಿಗೇ ನಿಲ್ಲಿಸಿ, ನನ್ನ ಕಡೆ ನೋಡಿದ. ನಾನು ರೂಬಿನಾಳ ಕಡೆ ನೋಡಿದೆ.

"ಆಕೀನಽ" ಎಂದೆ. "ಆಕೀ ಕರದ್ರ ಅಷ್ಟಽ ಅವನ ಬಾಯಾಗ ಆ ಮಾತ ಬರತಿತ್ತವಾ. ಮತ್ತ ಯಾರಿಗೂ ಹಂಗ ಅಂದಾಂವಲ್ಲ."

ರೂಬಿನಾ ಚೌಕಟ್ಟಿಗೆ ಒರಗಿದಳು. ಅಪ್ಪನ ಬಾಯಲ್ಲಿ ಆ ಮಾತನ್ನು ಅವಳು ಇಂದೇ ಮೊದಲು ಕೇಳಿದ್ದು. "ಇನ್ನೊಮ್ಮೆ ಹಚ್ಚರಿ" ಎಂದು ಗಂಡನಿಗೆ ಹೇಳಿದಳು. ಅವನು ಡಬ್ಬಿಯ ಧ್ವನಿಯನ್ನು ಸಣ್ಣದು ಮಾಡಿ, ನಮಗಷ್ಟೇ ಕೇಳಿಸುವಂತೆ ಹಿಂದಕ್ಕೆ ಓಡಿಸಿ ಹಚ್ಚಿದ. ಅವಳು ಕಣ್ಣು ಮುಚ್ಚಲಿಲ್ಲ. ನೇರವಾಗಿ ಆ ಡಬ್ಬಿಯನ್ನೇ ನೋಡುತ್ತ ಕೇಳಿದಳು. ತುಟಿ ಮಾತ್ರ ಸದ್ದಿಲ್ಲದೆ ಆ ಮಾತುಗಳ ಹಿಂದೆಯೇ ಆಡಿದವು.

ಹಿತ್ತಿಲಲ್ಲಿ ನೀರಿನ ಸಪ್ಪಳವಾಯಿತು. ಅಬ್ದುಲ್‌ಸಾಬ ಕೈಕಾಲು ತೊಳೆಯುತ್ತಿದ್ದ. ಅರ್ಧ ಮುಗಿದ ತೊಟ್ಟಿಲ ಕಾಲು ತಿರುಗಣಿಯಲ್ಲೇ ಇತ್ತು. ಅವನು ಒದ್ದೆ ಕೈಯನ್ನು ಲುಂಗಿಗೆ ಒರೆಸುತ್ತ ಬಂದು, ಹೊಸ್ತಿಲಿಗೆ ಅಡ್ಡವಾಗಿದ್ದ ಡಬ್ಬಿಯನ್ನು ದಾಟಿ ಒಳಗೆ ನಿಂತ. ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದ. ಟಿವಿಯಲ್ಲಿ ನಿಂತುಹೋಗಿದ್ದ ಛಪ್ಪರವನ್ನು ನೋಡಿದ, ಅದರಲ್ಲಿ ತನ್ನದೇ ಬೆನ್ನನ್ನು ನೋಡಿದ. ಅವನ ಮೈಯಿಂದ ಕಾಯ್ದ ಅರಗಿನ ವಾಸನೆ ಬರುತ್ತಿತ್ತು, ಒಳಗಿನಿಂದ ಹಂಚಿನ ವಾಸನೆ. ಯಾಕೆ ಬಂದೆನೆಂದು ಅವನಿಗೆ ಗೊತ್ತಾಗಿತ್ತು. ತಿರುಗಿ ಹೋಗಬೇಕೋ ನಿಲ್ಲಬೇಕೋ ಗೊತ್ತಾಗಿರಲಿಲ್ಲ.

ಯುನೂಸ್ ಎದ್ದು ಗೋಡೆಯ ಪಕ್ಕ ಚಾಪೆ ಹಾಸಿದ. ಅಬ್ದುಲ್‌ಸಾಬ ಮೆಲ್ಲಗೆ ಕುಳಿತುಕೊಂಡ.

ರೂಬಿನಾ ಒಳಗೆ ಹೋದಳು. ಹೊಸ ರೊಟ್ಟಿಯೊಂದನ್ನು ಬಡಿದು ಹಂಚಿಗೆ ಹಾಕಿದ ಸದ್ದು, ಅದು ಉಬ್ಬಿ ಉಸಿರು ಬಿಟ್ಟ ಸದ್ದು. ಗಂಗಾಳದಲ್ಲಿ ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಮೇಲೆ ಹಬೆಯಾಡುವ ರೊಟ್ಟಿ. ಬೆರಳು ಸುಡುತ್ತಿದ್ದರೂ ಸೆರಗನ್ನು ಅಡ್ಡ ಹಿಡಿಯಲಿಲ್ಲ. ಅಪ್ಪನ ಮುಂದೆ ಮೊಣಕಾಲೂರಿ ಕುಳಿತು, ಗಂಗಾಳವನ್ನು ಅವನ ಕೈಗೆ ಕೊಟ್ಟಳು.